ಚಿತ್ರಗಳ ಬೆಲೆ ನಿರ್ಣಯ: ಇತಿಹಾಸ

ಕಲಾವಿದರು ತಾವು ರಚಿಸಿದ ಮೂಲಚಿತ್ರಕ್ಕೆ ಬೆಲೆ ಗೊತ್ತುಮಾಡುವ ಕ್ರಮ. ಬಣ್ಣದ ಖರ್ಚು, ಚಿತ್ರದ ಅಳತೆ, ಆಕೃತಿಗಳ ಸಂಖ್ಯೆ, ಕೆಲಸಕ್ಕೆ ಹಿಡಿದ ಕಾಲ, ಕಲಾವಿದರ ಹೆಸರು ಇವುಗಳಲ್ಲಿ ಕಾಲಕಾಲಕ್ಕೆ ಒಂದೊಂದು ಅಂಶ ಮುಖ್ಯವಾಗಿದೆ. ಬಳಸಿದ ವಸ್ತುವಿಗಿಂತ ಕೈಗೆ ಹೆಚ್ಚು ಬೆಲೆಯುಂಟೆಂದು ಒಪ್ಪಿಸಲು ಕಲಾವಿದರು ಶತಮಾನಗಳ ಕಾಲ ಹೆಣಗಿದ್ದೇ ಈ ಇತಿಹಾಸದ ತಿರುಳು.

ಕರಾರಿನ ಕಾಲ: 15ನೆಯ ಶತಮಾನದ ಇಟಲಿಯಲ್ಲಿ ಚಿತ್ರ ಬರೆಯುವ ಮೊದಲೇ ಕರಾರುಪತ್ರ ಆಗುತ್ತಿತ್ತು. ಫ್ಲಾರೆನ್ಸಿನ ಅನಾಥಾಲಯವೊಂದಕ್ಕಾಗಿ ಡೊಮೆನಿಕೊ ಘಿರ್ಲಾಂಡಾಯೊ 1485ರಲ್ಲಿ ಒಪ್ಪಿಕೊಂಡ ಚಿತ್ರದ ಬೆಲೆ 115 ಫ್ಲಾರಿನ್. ಬಣ್ಣ, ಚಿನ್ನದ ಖರ್ಚು ಅವನದೇ. ನೀಲಿಗೆ ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆಯ ಅಲ್ಟ್ರಾಮರೀನನ್ನೇ ಬಳಸಬೇಕೆಂಬ ಷರತ್ತಿತ್ತು. ಮುಗಿದ ಚಿತ್ರ ಅಷ್ಟು ಬಾಳದೆಂದು ಕಂಡರೆ ಹಣ ಕಡಿತ ಮಾಡುವ ಹಕ್ಕು ಬರೆಸಿದವರಿಗಿತ್ತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಈ ಕಟ್ಟಿನೊಳಗೇ ವಾದಿಸಿದ. ಫ್ರಾಂಕ್‌ಫರ್ಟಿನ ವರ್ತಕ ಯಾಕೊಬ್ ಹೆಲ್ಲರನಿಗೆ 130 ಫ್ಲಾರಿನ್‌ಗೆ ಒಪ್ಪಿದ್ದ ಚಿತ್ರಕ್ಕೆ ತಗಲುವ ಶ್ರಮವನ್ನೂ ಕಾಲವನ್ನೂ ಪತ್ರಗಳಲ್ಲಿ ವಿವರಿಸಿ, 1509ರಲ್ಲಿ 200 ಫ್ಲಾರಿನ್ ಪಡೆದ.

ದರಪಟ್ಟಿಯ ಕಾಲ: 17ನೆಯ ಶತಮಾನದಲ್ಲಿ ಇಟಲಿಯ ಗ್ವೆರ್ಚಿನೊ ಆಕೃತಿಗಳನ್ನು ಎಣಿಸಿ ಬೆಲೆ ಹೇಳುತ್ತಿದ್ದ. ಪೂರ್ಣಾಕೃತಿಗೆ ಒಂದು ದರ, ಅರ್ಧಾಕೃತಿಗೆ ಅದರರ್ಧ. ಲಂಡನ್ನಿನ ಜೋಶುವಾ ರೆನಾಲ್ಡ್ಸ್ 1782ರಲ್ಲಿ ಮುಖಚಿತ್ರಕ್ಕೆ 50, ಅರ್ಧಾಕೃತಿಗೆ 100, ಪೂರ್ಣಾಕೃತಿಗೆ 200 ಗಿನಿ ನಿಗದಿ ಮಾಡಿದ್ದ. ಫ್ರಾನ್ಸಿನಲ್ಲಿ ಕ್ಯಾನ್ವಾಸುಗಳಿಗೆ ನಿಶ್ಚಿತ ಅಳತೆಯ ಸಂಖ್ಯೆಗಳು ಬಂದ ಮೇಲೆ ಆ ಸಂಖ್ಯೆಯನ್ನು ಕಲಾವಿದನ ದರದಿಂದ ಗುಣಿಸುವ ರೂಢಿ ಬೆಳೆಯಿತು. ಜಪಾನಿನಲ್ಲಿ ಇಂದಿಗೂ 'ಗೋ' ಎಂಬ ಅಳತೆಯ ಲೆಕ್ಕದಲ್ಲಿ ಬೆಲೆ ಹೇಳುವುದುಂಟು.

ವಿಸ್ಲರ್ ಮೊಕದ್ದಮೆ: ಜೇಮ್ಸ್ ವಿಸ್ಲರ್ ತನ್ನ ಚಿತ್ರವೊಂದಕ್ಕೆ 200 ಗಿನಿ ಕೇಳಿದ್ದನ್ನು ವಿಮರ್ಶಕ ಜಾನ್ ರಸ್ಕಿನ್ ಹಳಿದ. ವಿಸ್ಲರ್ ಹೂಡಿದ ಮಾನನಷ್ಟದ ಮೊಕದ್ದಮೆ 1878ರಲ್ಲಿ ಲಂಡನ್ನಿನಲ್ಲಿ ವಿಚಾರಣೆಗೆ ಬಂತು. ಎರಡು ದಿನದ ಕೆಲಸಕ್ಕೆ ಇಷ್ಟು ಹಣವೇ ಎಂಬ ಪ್ರಶ್ನೆಗೆ, ಜೀವಮಾನವಿಡೀ ದುಡಿದು ಗಳಿಸಿದ ಅರಿವಿಗೆ ಕೇಳಿದ ಬೆಲೆಯಿದು ಎಂದು ವಿಸ್ಲರ್ ಉತ್ತರಿಸಿದ. ಅವನು ಗೆದ್ದರೂ ದೊರೆತ ಪರಿಹಾರ ಒಂದು ಫಾರ್ದಿಂಗ್ ಮಾತ್ರ. ಖರ್ಚಿನ ಹೊರೆಯಿಂದ ಮರುವರ್ಷ ದಿವಾಳಿಯಾದ. ಆದರೂ ಬೆಲೆ ಕೇವಲ ದಿನಗೂಲಿಯ ಲೆಕ್ಕವಲ್ಲವೆಂಬ ಅವನ ಮಾತನ್ನು ಕಲಾವಿದರು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ.

ಭಾರತದಲ್ಲಿ: ಅಕ್ಬರನ ಆಸ್ಥಾನದಲ್ಲಿ ವಾರವಾರ ಚಿತ್ರಗಳನ್ನು ನೋಡಿ ಬಹುಮಾನ ಕೊಡುವ ಅಥವಾ ಸಂಬಳ ಏರಿಸುವ ಪದ್ಧತಿಯಿತ್ತೆಂದು ಅಬುಲ್ ಫಜಲನ 'ಐನ್-ಇ-ಅಕ್ಬರಿ' ತಿಳಿಸುತ್ತದೆ. ರಾಜಾ ರವಿವರ್ಮ ಬರೋಡ, ಮೈಸೂರು ಮೊದಲಾದ ಸಂಸ್ಥಾನಗಳಿಗೆ ಚಿತ್ರ ಬರೆದುಕೊಟ್ಟ. ಬಂಗಾಳದ ಜಾಮಿನಿ ರಾಯ್ ಸಾಮಾನ್ಯರ ಮನೆಗೂ ಚಿತ್ರ ತಲಪಲೆಂದು ಬೆಲೆಯನ್ನು ಬೇಕೆಂದೇ ಕಡಿಮೆ ಇಟ್ಟರು. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ದಲ್ಲಾಳಿಗಳಿಲ್ಲದೆ ತಾವೇ ಬೆಲೆ ಹೇಳಿ ಮಾರುತ್ತಾರೆ. ಗ್ಯಾಲರಿಯಲ್ಲಾದರೆ ಕಮಿಷನ್ ಕಳೆದು ಉಳಿದದ್ದು ಅವರ ಪಾಲು.

ಮರುಮಾರಾಟ: ಮೊದಲ ಮಾರಾಟದ ಬಳಿಕ ಬೆಲೆ ಕಲಾವಿದರ ಕೈ ತಪ್ಪುತ್ತದೆ. 1954ರಲ್ಲಿ ಎಂ. ಎಫ್. ಹುಸೇನ್ ರಚಿಸಿದ 'ಗ್ರಾಮಯಾತ್ರಾ' 2025ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 1.37 ಕೋಟಿ ಡಾಲರಿಗೆ ಹೋಯಿತು. ಹುಸೇನರು 2011ರಲ್ಲೇ ತೀರಿಕೊಂಡಿದ್ದರು. ಹೀಗೆ ಏರಿದ ಬೆಲೆಯಲ್ಲಿ ಕಲಾವಿದರಿಗೆ ಪಾಲು ಸಿಗದ ಅನ್ಯಾಯವನ್ನು ಸರಿಪಡಿಸಲು ಫ್ರಾನ್ಸ್ 1920ರಲ್ಲೇ ಮರುಮಾರಾಟದ ಪಾಲಿನ ಹಕ್ಕನ್ನು ಕಾನೂನಾಗಿಸಿತು. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 53ಎ ಕಲಮಿನ ಪ್ರಕಾರ, 10,000 ರೂಪಾಯಿ ಮೀರಿದ ಮರುಮಾರಾಟದಲ್ಲಿ ಕಲಾವಿದರಿಗೆ ಅಥವಾ ವಾರಸುದಾರರಿಗೆ ಶೇ. 10ರ ಮಿತಿಯೊಳಗೆ ಪಾಲು ಸಲ್ಲಬೇಕು.