ಮತ್ತೆ ಎಡವಿದವರಿಗೆ ತೆರೆದ ಬಾಗಿಲು

ಜುಲೈ 9ರಂದು ನಾವು ಸ್ಮರಿಸುವ ಚೀನಾದ 120 ರಕ್ತಸಾಕ್ಷಿಗಳಲ್ಲಿ ಮಾರ್ಕ್ ಜಿ ಒಬ್ಬರು. ಬಡವರ ವೈದ್ಯರಾಗಿದ್ದ ಇವರು ಹೊಟ್ಟೆಯ ಕಾಯಿಲೆಗೆಂದು ಅಫೀಮು ಸೇವಿಸಿ ಅದಕ್ಕೆ ದಾಸರಾದರು. ಪದೇ ಪದೇ ಅದೇ ಪಾಪವನ್ನು ನಿವೇದಿಸುತ್ತಿದ್ದುದರಿಂದ ಗುರುಗಳು ಪಾಪವಿಮೋಚನೆ ನಿರಾಕರಿಸಿದರು. ಸುಮಾರು 30 ವರ್ಷ ಪರಮಪ್ರಸಾದವಿಲ್ಲದೆಯೂ ಅವರು ವಿಶ್ವಾಸ ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಕ್ರಿಸ್ತನಿಗಾಗಿ ಪ್ರಾಣವಿತ್ತರು. 2000ದಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು ಅವರನ್ನು ಸಂತರೆಂದು ಘೋಷಿಸಿದರು.

ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತದ ಕಾಯಿಲೆ ಉಳಿಯಿತು. ಶ್ರೀರಾಮನಗರವಿರಲಿ, ಗಂಗಾವತಿಯಿರಲಿ, ಬಿಟ್ಟವರು ಮತ್ತೆ ಕುಡಿದು ಬಂದಾಗ ನಾವೇನು ಮಾಡುತ್ತೇವೆ? ಹಂಗಿಸದೆ, ಅವರ ತಪ್ಪನ್ನೂ ಮುಚ್ಚಿಡದೆ, ಕೈಹಿಡಿದು ಮತ್ತೆ ಚಿಕಿತ್ಸೆಗೂ ದೇವಾಲಯಕ್ಕೂ ಕರೆತರೋಣ. ದೇವರ ಕೃಪೆ ನಮ್ಮ ಬೀಳುಗಳನ್ನು ಎಣಿಸುವುದಿಲ್ಲ.