ಎಂಜಿನ್ ಬೇರಿಂಗ್‌ಗಳ ಸವೆತ: ಗುರುತು ಬಿದ್ದ ಜಾಗದಿಂದ ಕಾರಣ ನಿರ್ಣಯ

ಎಂಜಿನ್ ಬಿಚ್ಚಿದಾಗ ಸವೆದ ಬೇರಿಂಗ್ ಶೆಲ್‌ಗಳನ್ನು ಗುಜರಿಗೆ ಹಾಕಿ ಹೊಸ ಸೆಟ್ ಕೂರಿಸುವುದು ವರ್ಕ್‌ಶಾಪ್‌ಗಳಲ್ಲಿ ವಾಡಿಕೆ. ಮೂಲ ದೋಷ ಒಳಗೇ ಉಳಿದಿದ್ದರೆ ಹೊಸ ಸೆಟ್ಟೂ ಬಾಳುವುದಿಲ್ಲ. ಸವೆತ ಯಾವ ಬಗೆಯದು ಎಂಬುದಕ್ಕಿಂತ ಅದು ಎಲ್ಲಿ ಬಿದ್ದಿದೆ ಎಂಬುದು ಅನೇಕ ಸಲ ಕಾರಣವನ್ನು ಹೆಚ್ಚು ಖಚಿತವಾಗಿ ತೋರಿಸುತ್ತದೆ ಎಂಬುದು ಈ ಲೇಖನದ ವಾದ.

ಜರ್ನಲ್, ಅಂದರೆ ಬೇರಿಂಗ್ ಒಳಗೆ ತಿರುಗುವ ಶಾಫ್ಟಿನ ಭಾಗ, ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು ಅದರ ಒತ್ತಡದ ಮೇಲೆ ನಿಲ್ಲುತ್ತದೆ. ಬೀಚಂ ಟವರ್ ಪ್ರಯೋಗದಲ್ಲಿ ಕಂಡುಕೊಂಡ ಈ ಒತ್ತಡಕ್ಕೆ ಆಸ್ಬೋರ್ನ್ ರೇನಾಲ್ಡ್ಸ್ 1886ರಲ್ಲಿ ಗಣಿತದ ನೆಲೆ ಒದಗಿಸಿದರು. 50 ಮಿ.ಮೀ. ವ್ಯಾಸದ ಜರ್ನಲ್‌ಗೆ ಬಿಡುವ ಸಂದು ಸುಮಾರು 0.05 ಮಿ.ಮೀ. ಮಾತ್ರ, ಭಾರ ಹೆಚ್ಚಿದಾಗ ಎಣ್ಣೆಪದರ ಕೆಲವೇ ಮೈಕ್ರಾನ್‌ಗೆ ಇಳಿಯುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಒಂದು ಮರಳಿನ ಕಣವೂ ದೊಡ್ಡದೇ.

ಒಂದು ಶೆಲ್ಲನ್ನು ಗಮನಿಸಿ. ಒಳಮೈಯೆಲ್ಲ ಮಂಕು ಬೂದು, ಒಂದೇ ಕಡೆ ಬೇಳೆಯಷ್ಟಗಲ ಹೊಳಪು. ಎಣ್ಣೆಯಲ್ಲಿ ಕಸ ಬಂದಿದೆ ಎಂದು ಮೊದಲು ತೋರುತ್ತದೆ. ತಿರುಗಿಸಿ ಬೆನ್ನು ನೋಡಿದರೆ ಸರಿಯಾಗಿ ಅದೇ ಜಾಗದಲ್ಲಿ ಸಣ್ಣ ತಗ್ಗು. ಜೋಡಿಸುವಾಗ ಶೆಲ್ಲಿನ ಹಿಂದೆ ಸಿಕ್ಕಿಕೊಂಡ ಕಣ ಅದನ್ನು ಒಳಕ್ಕೆ ಉಬ್ಬಿಸಿದೆ. ಇಲ್ಲಿ ಎಣ್ಣೆ, ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ; ತಪ್ಪು ಜೋಡಣೆಯದು. ಕಸ ನಿಜವಾಗಿಯೂ ಎಣ್ಣೆಯಲ್ಲಿ ಬಂದಿದ್ದರೆ ಗೀರುಗಳು ಹಲವು ಶೆಲ್‌ಗಳಲ್ಲಿ, ತಿರುಗುವ ದಿಕ್ಕಿನಲ್ಲೇ ಕಾಣುತ್ತವೆ.

ಮೇಲಿನ ಶೆಲ್ಲಿನ ಒಂದು ಅಂಚು, ಕೆಳಗಿನ ಶೆಲ್ಲಿನ ಎದುರು ಅಂಚು ಸವೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆಯೇ ಎಂದು ಅಳೆಯಬೇಕು. ಎರಡರಲ್ಲೂ ಒಂದೇ ಬದಿಯ ಅಂಚು ಸವೆದಿದ್ದರೆ ಜರ್ನಲ್ ಓರೆಯಾಗಿ ಸವೆದಿರುವ ಸಂಭವ ಹೆಚ್ಚು. ದಹನದ ಹೊಡೆತ ಬೀಳುವುದು ರಾಡಿನ ಮೇಲಿನ ಶೆಲ್ಲಿಗೆ, ಮೇನ್ ಬೇರಿಂಗ್‌ನ ಕೆಳಗಿನ ಶೆಲ್ಲಿಗೆ; ಆದ್ದರಿಂದ ಅಲ್ಲಿ ತುಸು ಹೆಚ್ಚು ಸವೆತ ಸಹಜ. ರಾಡಿನ ಕೆಳಗಿನ ಶೆಲ್ಲೇ ಹೆಚ್ಚು ದಣಿದಿದ್ದರೆ ಮಿತಿಮೀರಿದ ವೇಗದ ಶಂಕೆ ಬರುತ್ತದೆ.

ಎಣ್ಣೆ ಸಾಲದಾದಾಗ ಮೇಲ್ಪದರ ಕರಗಿ ಸವರಿದಂತಾಗಿ ಮೈ ಕಪ್ಪಾಗುತ್ತದೆ. ಆಮ್ಲೀಯವಾದ ಹಳೆಯ ಎಣ್ಣೆ ಸೀಸವನ್ನು ತಿಂದು ಮೈಯಲ್ಲಿ ಸಣ್ಣ ರಂಧ್ರ ಮಾಡುತ್ತದೆ. ಇವು ಗುರುತಿಸಲು ಸುಲಭ. ಆದರೆ ಪಂಪಿನ ದೋಷವೋ ಒಂದು ಎಣ್ಣೆದಾರಿ ಕಟ್ಟಿದ್ದೋ ಎಂಬುದನ್ನು ಎಷ್ಟು ಶೆಲ್‌ಗಳು, ಯಾವ ಸ್ಥಾನದವು ಕೆಟ್ಟಿವೆ ಎಂಬ ಲೆಕ್ಕವೇ ತೀರ್ಮಾನಿಸಬೇಕು.

ಆದ್ದರಿಂದ ಎಂಜಿನ್ ಬಿಚ್ಚುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರತಿ ಶೆಲ್ಲಿನ ಸಿಲಿಂಡರ್ ಸಂಖ್ಯೆ, ಮೇಲು-ಕೆಳಗು, ಮುಂದು-ಹಿಂದು ಬರೆದಿಡಿ, ಬೆನ್ನನ್ನು ನೋಡುವ ಮೊದಲು ಒರೆಸಬೇಡಿ.