ಸರ್ವ್ ಕಲಿಸಿದ ಕರವಸ್ತ್ರ

ಸುಮಾರು 1910ರ ಮಾತು. ಫ್ರಾನ್ಸಿನ ಶಾರ್ಲ್ ಲೆಂಗ್ಲೆನ್ ತನ್ನ ಮಗಳಿಗೆ ಟೆನಿಸ್ ಕಲಿಸಲು ಹೊರಟಾಗ ಆತನ ಕೈಯಲ್ಲಿದ್ದ ಮುಖ್ಯ ಸಲಕರಣೆ ಒಂದು ಕರವಸ್ತ್ರ. ಅದನ್ನು ಕೋರ್ಟಿನ ಒಂದು ಮೂಲೆಯಲ್ಲಿ ಹಾಸುತ್ತಿದ್ದ. ಮಗಳು ಹೊಡೆದ ಚೆಂಡು ಅದರ ಮೇಲೇ ಬೀಳಬೇಕು. ಬಿದ್ದರೆ ಕರವಸ್ತ್ರ ಮತ್ತೊಂದು ಜಾಗಕ್ಕೆ ಹೋಗುತ್ತಿತ್ತು. ಶಾರ್ಲ್ ಸ್ವತಃ ಹೇಳಿಕೊಳ್ಳುವಂಥ ಆಟಗಾರನಲ್ಲ. ದೊಡ್ಡ ಪಂದ್ಯಗಳನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನು ಮನೆಯಲ್ಲಿ ಮಗಳಿಗೆ ಪಾಠ ಮಾಡುತ್ತಿದ್ದ. ಆ ಮಗಳೇ ಸುಝಾನ್ ಲೆಂಗ್ಲೆನ್. 1919ರಿಂದ 1925ರೊಳಗೆ ಆಕೆ ಆರು ಬಾರಿ ವಿಂಬಲ್ಡನ್ ಸಿಂಗಲ್ಸ್ ಗೆದ್ದಳು.

ಟೆನಿಸ್‌ನ ಉಳಿದೆಲ್ಲ ಹೊಡೆತಗಳೂ ಎದುರಾಳಿ ಕಳಿಸಿದ ಚೆಂಡಿಗೆ ಕೊಡುವ ಉತ್ತರ. ಸರ್ವ್ ಮಾತ್ರ ಹಾಗಲ್ಲ. ಚೆಂಡು ಆಟಗಾರನ ಕೈಯಲ್ಲೇ ಇರುತ್ತದೆ, ಎಸೆಯುವವನೂ ಅವನೇ, ಹೊಡೆಯುವವನೂ ಅವನೇ. ಹಾಗಾಗಿ ಇದನ್ನು ಒಬ್ಬನೇ ನಿಂತು ಅಭ್ಯಾಸ ಮಾಡಬಹುದು. ಈ ಅಭ್ಯಾಸದ ಸಲಕರಣೆಗಳು ನೂರು ವರ್ಷಕ್ಕೂ ಮಿಕ್ಕು ಇಷ್ಟು ಸರಳವಾಗಿ ಉಳಿದಿರುವುದಕ್ಕೆ ಇದೇ ಕಾರಣ. ಗುರಿಗೊಂದು ಬಟ್ಟೆ, ಚೆಂಡು ತುಂಬಿದ ಬುಟ್ಟಿ, ನೇತುಹಾಕಲು ಒಂದು ದಾರ: ಇಷ್ಟಿದ್ದರೆ ಕೆಲಸ ಶುರು.

ಆದರೆ ಮೊದಮೊದಲು ಸರ್ವ್‌ಗೆ ಅಭ್ಯಾಸ ಬೇಕೆಂದು ಯಾರಿಗೂ ಅನ್ನಿಸಿರಲಾರದು. 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಹುಲ್ಲುಹಾಸಿನ ಮೇಲಿನ ಈ ಹೊಸ ಆಟಕ್ಕೆ ಪೇಟೆಂಟ್ ಪಡೆದಾಗ ಸರ್ವ್ ಎಂದರೆ ಚೆಂಡನ್ನು ಆಟಕ್ಕೆ ಬಿಡುವ ಉಪಚಾರವಷ್ಟೇ. 1877ರ ಮೊದಲ ವಿಂಬಲ್ಡನ್‌ನಲ್ಲಿ ಬಲೆ ಕಂಬಗಳ ಬಳಿ 5 ಅಡಿ, ನಡುವೆ 3 ಅಡಿ 3 ಇಂಚು ಎತ್ತರವಿತ್ತು. ಹೆಚ್ಚಿನವರು ಕೈಯನ್ನು ಕೆಳಗಿನಿಂದಲೋ ಪಕ್ಕದಿಂದಲೋ ಬೀಸಿ ಚೆಂಡು ದಾಟಿಸುತ್ತಿದ್ದರು.

ಆ ಪಂದ್ಯಾವಳಿಯ ರೆಫರಿ ಡಾ. ಹೆನ್ರಿ ಜೋನ್ಸ್ ಲೆಕ್ಕದ ಮನುಷ್ಯ. ‘ಕ್ಯಾವೆಂಡಿಶ್’ ಎಂಬ ಹೆಸರಿನಲ್ಲಿ ಇಸ್ಪೀಟಿನ ವಿಸ್ಟ್ ಆಟದ ಬಗ್ಗೆ ಬರೆಯುತ್ತಿದ್ದವರು. ಟೂರ್ನಿ ಮುಗಿದ ಮೇಲೆ ಅವರು ಕುಳಿತು ಲೆಕ್ಕ ಹಾಕಿದರು. ಆಡಿದ 601 ಗೇಮ್‌ಗಳಲ್ಲಿ ಸರ್ವ್ ಮಾಡಿದವರೇ ಗೆದ್ದದ್ದು 376. ಸರ್ವ್ ಉಪಚಾರವಲ್ಲ, ಆಯುಧ ಎಂಬುದಕ್ಕೆ ಇದು ಮೊದಲ ಲಿಖಿತ ಸಾಕ್ಷಿ ಎನ್ನಬಹುದು. ಬಲೆಯಿಂದ 26 ಅಡಿ ದೂರದಲ್ಲಿದ್ದ ಸರ್ವಿಸ್ ಗೆರೆಯನ್ನು ಮರುವರ್ಷ 22 ಅಡಿಗೆ, 1880ರಲ್ಲಿ 21 ಅಡಿಗೆ ಎಳೆದು ತಂದರು. ಚೆಂಡು ಬೀಳಬೇಕಾದ ಜಾಗ ಚಿಕ್ಕದಾಯಿತು. ಅದೇ ಹೊತ್ತಿಗೆ ಬಲೆಯ ನಡುಭಾಗ 3 ಅಡಿಗೆ ಇಳಿಯಿತು. 1878ರಲ್ಲಿ ಎ. ಟಿ. ಮೈಯರ್ಸ್ ಎಂಬ ಆಟಗಾರ ತಲೆಯ ಮೇಲಿಂದ ಸರ್ವ್ ಮಾಡಿ ತೋರಿಸಿದ. ಇಂದು ನಾವು ನೋಡುವ ಸರ್ವ್ ಅಲ್ಲಿಂದ ಆರಂಭ.

ಇಲ್ಲಿ ಒಂದು ಸಣ್ಣ ಗಣಿತ ನೋಡಬೇಕು. ಹಿಂದಿನ ಗೆರೆಯಿಂದ ಎದುರಿನ ಸರ್ವಿಸ್ ಗೆರೆಗೆ ನೇರ ಅಂತರ ಸುಮಾರು 18.28 ಮೀಟರ್. ನಡುವೆ 0.914 ಮೀಟರ್ ಎತ್ತರದ ಬಲೆ. ಚೆಂಡು ದಾರ ಎಳೆದಂತೆ ನೇರವಾಗಿ ಹೋಗುತ್ತದೆ ಎಂದುಕೊಂಡರೆ, ಬಲೆಯನ್ನು ಸವರಿಕೊಂಡು ಚೌಕದೊಳಗೆ ಬೀಳಲು ಅದನ್ನು 2.6 ಮೀಟರ್‌ಗಿಂತ ಮೇಲಿನಿಂದ ಹೊಡೆಯಬೇಕು. ಸಾಮಾನ್ಯ ಎತ್ತರದವರು ರ್ಯಾಕೆಟ್ ಚಾಚಿದರೂ ಅದು ಕಷ್ಟಪಟ್ಟು ಎಟುಕುವ ಎತ್ತರ. ಹೀಗಾಗಿ ಹೆಚ್ಚಿನವರು ಚೆಂಡನ್ನು ಬಲೆಯ ಮೇಲೆ ಎತ್ತಿ ಹಾಯಿಸಿ, ಗುರುತ್ವಾಕರ್ಷಣೆಯಿಂದಲೂ ಸ್ಪಿನ್‌ನಿಂದಲೂ ಕೆಳಗಿಳಿಸಬೇಕಾಗುತ್ತದೆ. ಮಕ್ಕಳು ಚೆಂಡನ್ನು ಕೆಳಮುಖವಾಗಿ ಬಡಿದು ಬಲೆಗೆ ಹಾಕುವುದನ್ನು ಯಾವ ಕೋರ್ಟಿನಲ್ಲಾದರೂ ಕಾಣಬಹುದು. ಆ ತಪ್ಪನ್ನು ತಿದ್ದುವುದೇ ಸರ್ವ್ ಸಲಕರಣೆಗಳ ಅರ್ಧ ಕೆಲಸ.

ಈ ಸಲಕರಣೆಗಳಲ್ಲಿ ಬಲು ಜಾಣತನದ್ದು ಚೆಂಡಿನ ಬುಟ್ಟಿ. ಸರ್ವ್ ಕಲಿಯುವವನಿಗೆ ಒಂದು ಚೆಂಡು ಸಾಲದು. ಐವತ್ತು, ಅರವತ್ತು ಬೇಕು. ಅಷ್ಟನ್ನೂ ಬಗ್ಗಿ ಬಗ್ಗಿ ಹೆಕ್ಕಿದರೆ ಸೊಂಟ ಬಿದ್ದುಹೋಗುತ್ತದೆ. ಉಕ್ಕಿನ ಸರಳಿನ ಬುಟ್ಟಿ ಇದಕ್ಕೊಂದು ಉಪಾಯ ಕೊಟ್ಟಿತು. ಅದರ ತಳದ ಸರಳುಗಳ ನಡುವಿನ ಸಂದು ಚೆಂಡಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಬುಟ್ಟಿಯನ್ನು ಚೆಂಡಿನ ಮೇಲಿಟ್ಟು ಒತ್ತಿದರೆ ರಬ್ಬರು ಒಂದಿಷ್ಟು ಕುಗ್ಗಿ, ಪಟಕ್ಕನೆ ಒಳಗೆ ಹಾರುತ್ತದೆ. ಮತ್ತೆ ಹೊರಗೆ ಬೀಳುವುದಿಲ್ಲ. ಹಿಡಿಕೆಗಳನ್ನು ಕೆಳಗೆ ತಿರುವಿದರೆ ಅವೇ ಕಾಲುಗಳಾಗಿ, ಬುಟ್ಟಿ ಸೊಂಟದೆತ್ತರಕ್ಕೆ ನಿಲ್ಲುತ್ತದೆ. ಮೋಟಾರಿಲ್ಲ, ಬ್ಯಾಟರಿಯಿಲ್ಲ.

ಇತ್ತ ಯಂತ್ರಗಳೂ ಬಂದವು. 1920ರ ದಶಕದಲ್ಲಿ ಫ್ರಾನ್ಸಿನ ರೆನೆ ಲಾಕೋಸ್ಟ್ ಚೆಂಡೆಸೆಯುವ ಯಂತ್ರವೊಂದನ್ನು ತಾನೇ ರೂಪಿಸಿದ. ಎದುರಾಳಿಗಳ ಆಟವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಓದುತ್ತಿದ್ದ ಈ ಆಟಗಾರನಿಗೆ, ದಣಿವರಿಯದೆ ಒಂದೇ ರೀತಿ ಚೆಂಡು ಕಳಿಸುವ ಜೊತೆಗಾರ ಬೇಕಿತ್ತು. ಹಿಡಿಕೆ ತಿರುಗಿಸಿ ನಡೆಸುವ ಆ ಯಂತ್ರವನ್ನು ಆತ ಮುಖ್ಯವಾಗಿ ಸ್ಮ್ಯಾಶ್ ಅಭ್ಯಾಸಕ್ಕೆ ಬಳಸಿದ. ಸ್ಮ್ಯಾಶ್ ಎಂದರೆ ಸರ್ವ್‌ನ ಒಡಹುಟ್ಟಿದ ಹೊಡೆತ. ಕೈ ಏರುವ ದಾರಿಯೂ ಭುಜ ತಿರುಗುವ ಬಗೆಯೂ ಬಹುಪಾಲು ಒಂದೇ. 1970ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಬಾಬ್ ಮೆಕ್‌ಕ್ಲೂರ್ ‘ಲಿಟ್ಲ್ ಪ್ರಿನ್ಸ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದನ್ನು ಕೊಂಡವರಲ್ಲಿ ಹಿಮಜಾರುಪಟ್ಟಿಗಳ ತಯಾರಕ ಹೊವರ್ಡ್ ಹೆಡ್ ಒಬ್ಬರು. ನಿವೃತ್ತಿಯ ನಂತರ ಟೆನಿಸ್ ಕಲಿಯುತ್ತಿದ್ದ ಹೆಡ್ ಯಂತ್ರದ ದೋಷ ತಿದ್ದಲು ಹೋಗಿ ಕಂಪನಿಯನ್ನೇ ಸೇರಿದರು. ಅಗಲ ತಲೆಯ ರ್ಯಾಕೆಟ್‌ಗೆ 1976ರಲ್ಲಿ ಪೇಟೆಂಟ್ ಪಡೆದು ಆಟದ ಚಹರೆಯನ್ನೇ ಬದಲಿಸಿದರು. ಆದರೂ ಸರ್ವ್ ಕಲಿಯುವವನಿಗೆ ಈ ಯಂತ್ರಗಳಿಂದ ನೇರ ಪ್ರಯೋಜನ ಕಡಿಮೆ. ಅವನಿಗೆ ಚೆಂಡು ಕಳಿಸುವವರು ಬೇಕಿಲ್ಲ. ತನ್ನ ಎಡಗೈಯ ಎಸೆತ ಪ್ರತಿಸಲವೂ ಒಂದೇ ಜಾಗಕ್ಕೆ ಏರಬೇಕು.

ಅದಕ್ಕೆ ಕೋಚ್‌ಗಳು ಕಂಡುಕೊಂಡದ್ದು ದಾರ. ಮರದ ಕೊಂಬೆಯಿಂದಲೋ ಕಂಬದಿಂದಲೋ ಒಂದು ಚೆಂಡನ್ನು, ಆಟಗಾರ ಕೈ ಚಾಚಿದಾಗ ರ್ಯಾಕೆಟ್ ತಾಗುವ ಎತ್ತರಕ್ಕೆ ನೇತುಹಾಕುವುದು. ಎಸೆತದ ಚಿಂತೆಯಿಲ್ಲದೆ ತೋಳು ಪೂರ್ತಿ ನೀಳವಾಗುವ ಅನುಭವ ಇದರಿಂದ ಸಿಗುತ್ತದೆ. ಎಸೆದ ಚೆಂಡು ಹೊಡೆತದ ಜಾಗಕ್ಕಿಂತ ಅರ್ಧ ಮೀಟರ್ ಮೇಲೆ ಹೋದರೆ, ಅಲ್ಲಿಂದ ಇಳಿದು ಬರಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅಷ್ಟರೊಳಗೆ ಕಾಲು, ಸೊಂಟ, ಭುಜ, ಮಣಿಕಟ್ಟು ಸರದಿಯಲ್ಲಿ ಕೂಡಿಬರಬೇಕು. ಮತ್ತೊಂದು ಅಗ್ಗದ ಉಪಾಯ ಹಳೆಯ ಉದ್ದ ಕಾಲುಚೀಲ. ತುದಿಗೆ ಎರಡು ಮೂರು ಚೆಂಡು ತುರುಕಿ ರ್ಯಾಕೆಟ್‌ನಂತೆ ಬೀಸಿದರೆ, ನಡುವೆ ತಡೆದ ಕೂಡಲೇ ಅದು ಬೆನ್ನಿಗೆ ಬಡಿದು ತಪ್ಪು ತಿಳಿಸುತ್ತದೆ.

ಎಲ್ಲ ಸಲಕರಣೆಯೂ ಕೈಯಲ್ಲಿ ಹಿಡಿಯುವಂಥದ್ದೇ ಆಗಬೇಕಿಲ್ಲ. ಪೀಟ್ ಸಾಂಪ್ರಸ್ ಹುಡುಗನಾಗಿದ್ದಾಗ ಆತನಿಗೆ ಕಲಿಸಿದ ಪೀಟ್ ಫಿಷರ್ ವೃತ್ತಿಯಲ್ಲಿ ಮಕ್ಕಳ ವೈದ್ಯರು. ಹುಡುಗ ಚೆಂಡನ್ನು ಮೇಲೆಸೆದ ಮೇಲೆ ಯಾವ ಮೂಲೆಗೆ ಹೊಡೆಯಬೇಕೆಂದು ಫಿಷರ್ ಕೂಗಿ ಹೇಳುತ್ತಿದ್ದರು. ಹೀಗೆ ಎಲ್ಲ ಸರ್ವ್‌ಗೂ ಒಂದೇ ಎಸೆತ ರೂಢಿಯಾಯಿತು. ಮುಂದೆ 14 ಗ್ರ್ಯಾಂಡ್ ಸ್ಲಾಮ್ ಗೆದ್ದ ಸಾಂಪ್ರಸ್‌ನ ಸರ್ವ್ ಎತ್ತ ಬರುತ್ತದೆಂದು ಎದುರಾಳಿಗಳಿಗೆ ಊಹಿಸಲಾಗುತ್ತಿರಲಿಲ್ಲ.

ಅಷ್ಟರಲ್ಲಿ ವಿಜ್ಞಾನವೂ ಕೋರ್ಟಿಗೆ ಇಳಿದಿತ್ತು. ಅಮೆರಿಕದ ಕೋಚ್ ವಿಕ್ ಬ್ರೇಡನ್ ಕ್ಯಾಲಿಫೋರ್ನಿಯಾದಲ್ಲಿ ಗಿಡಿಯನ್ ಏರಿಯಲ್ ಜೊತೆ ಸೇರಿ, ವೇಗದ ಕ್ಯಾಮೆರಾ ಮತ್ತು ಕಂಪ್ಯೂಟರ್ ಬಳಸಿ ಆಟಗಾರರ ಚಲನೆಯನ್ನು ಅಳೆದರು. ರಾಡಾರ್ ಬಂದ ಮೇಲೆ ವೇಗ ಅಂಕಿಯಾಯಿತು. 2004ರಲ್ಲಿ ಆ್ಯಂಡಿ ರಾಡಿಕ್ ಗಂಟೆಗೆ 249 ಕಿ.ಮೀ., 2016ರಲ್ಲಿ ಜಾನ್ ಇಸ್ನರ್ 253 ಕಿ.ಮೀ. ವೇಗದ ಸರ್ವ್ ಹೊಡೆದರು. ವೇಗದ ಅಂಕಿ ನೋಡುವವರಿಗೆ ರೋಮಾಂಚನ. ಕಲಿಯುವವನಿಗೆ ಹೆಚ್ಚು ನೆರವಾದದ್ದು ಕ್ಯಾಮೆರಾ.

ಚಲನೆಯನ್ನು ಹೀಗೆ ಬಿಡಿಸಿ ನೋಡುವುದು ಹೇಗೆ ನೆರವಾಗುತ್ತದೆ ಎಂಬುದಕ್ಕೆ ಆಟಗಾರ್ತಿ ಅರಿನಾ ಸಬಲೆಂಕಾ ಉದಾಹರಣೆ. 2022ರ ಆರಂಭದಲ್ಲಿ ಆಕೆಯ ಸರ್ವ್ ಎಷ್ಟು ಕೈಕೊಟ್ಟಿತೆಂದರೆ, ಅಡಿಲೇಡ್‌ನಲ್ಲಿ ಕೆಳಗಿನಿಂದ ಚೆಂಡು ದಾಟಿಸುವ ಸ್ಥಿತಿ ಬಂತು. ಆ ವರ್ಷ ಆಕೆಯ ಡಬಲ್ ಫಾಲ್ಟ್‌ಗಳು 400 ದಾಟಿದವು. ಕೊನೆಗೆ ದೇಹಚಲನೆಯ ತಜ್ಞರೊಬ್ಬರ ಮುಂದೆ ನಿಂತು ಸರ್ವ್ ಅನ್ನು ಬಿಡಿಬಿಡಿಯಾಗಿ ಬಿಚ್ಚಿ ಮತ್ತೆ ಕಟ್ಟಿಕೊಂಡಳು. 2023ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್. ಮೊದಲ ಮ್ಯಾಚ್ ಪಾಯಿಂಟ್‌ನಲ್ಲೇ ಡಬಲ್ ಫಾಲ್ಟ್! ಆದರೆ ಆಕೆ ಕುಸಿಯಲಿಲ್ಲ. ಅದೇ ಗೇಮ್‌ನಲ್ಲಿ ಪ್ರಶಸ್ತಿ ಗೆದ್ದಳು.

ಭಾರತದಲ್ಲಿ ಬಹುಕಾಲ ಸಲಕರಣೆಯ ಜಾಗವನ್ನು ತುಂಬಿದ್ದು ಕ್ಲಬ್ಬುಗಳ ‘ಮಾರ್ಕರ್’. ಸದಸ್ಯರಿಗೆ ಚೆಂಡು ಕೊಡುತ್ತ, ಜೊತೆಗೆ ಆಡುತ್ತ ದಿನವಿಡೀ ಕೋರ್ಟಿನಲ್ಲಿರುತ್ತಿದ್ದ ಈ ದುಡಿಮೆಗಾರರೇ ಅನೇಕರ ಮೊದಲ ಗುರುಗಳು. ಆದರೆ ಇಲ್ಲಿನ ಟೆನಿಸ್‌ನ ಹೆಮ್ಮೆ ಹೆಚ್ಚಾಗಿ ಕೈಚಳಕದ್ದಾಗಿತ್ತು. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ ರಾಮನಾಥನ್ ಕೃಷ್ಣನ್, ಅವರ ಮಗ ರಮೇಶ್ ಕೃಷ್ಣನ್ ಇಬ್ಬರೂ ನಯವಾದ ಹೊಡೆತಗಳಿಗೆ ಹೆಸರಾದವರು. ರಮೇಶ್ ಅವರ ಸರ್ವ್ ಮೆದು ಎಂದೇ ಎಲ್ಲರೂ ಹೇಳುತ್ತಿದ್ದರು. ಆ ಮಾತನ್ನು ಬದಲಿಸಿದವರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಪ್ರಮುಖರು. ಹನ್ನೊಂದರ ವಯಸ್ಸಿಗೆ ರ್ಯಾಕೆಟ್ ಹಿಡಿದ ಕಾಫಿ ಸೀಮೆಯ ಈ ಹುಡುಗನ ಬಲ ಬಿರುಸಿನ ಸರ್ವ್‌ನಲ್ಲೇ ಇತ್ತು. 2010ರಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ಎದುರಿನ ಡೇವಿಸ್ ಕಪ್ ಪಂದ್ಯ 2–2 ಆಗಿದ್ದಾಗ, ಕೊನೆಯ ಸಿಂಗಲ್ಸ್ ಗೆದ್ದು ಭಾರತವನ್ನು ದಾಟಿಸಿದ್ದು ಅವರೇ. 2024ರಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು.

ಇಂದು ಮಕ್ಕಳಿಗೆ ಟೆನಿಸ್ ಕಲಿಸಹೊರಟ ತಂದೆತಾಯಿಯರು ದುಬಾರಿ ಸಲಕರಣೆಗಳ ಪಟ್ಟಿ ನೋಡಿ ಹಿಂಜರಿಯುವುದುಂಟು. ಹಿಂಜರಿಯಬೇಕಾಗಿಲ್ಲ. ಕೋರ್ಟ್ ಖಾಲಿಯಿರುವ ಹೊತ್ತಿನಲ್ಲಿ ಹಳೆಯ ಚೆಂಡುಗಳ ಒಂದು ಬುಟ್ಟಿ ಕೊಟ್ಟು ಅರ್ಧ ಗಂಟೆ ಬಿಡಿ. ಎದುರಿನ ಚೌಕದ ಮೂಲೆಯಲ್ಲಿ ಒಂದು ಕರವಸ್ತ್ರ ಹಾಸಿ. ಆ ಚೌಕದ ಗೆರೆ 1880ರಲ್ಲಿ ನಿಂತ ಜಾಗದಲ್ಲೇ, ಬಲೆಯಿಂದ 21 ಅಡಿ ದೂರದಲ್ಲಿ, ಈಗಲೂ ಇದೆ.